ಹಸಿ ಅಸ್ತರ

ಪಂಢರಿನಾಥನ ಫೋನು ಬಂದಾಗ ಮಲಕಪ್ಪ ಪುಣೆಯ ಹತ್ತಿರದ ಸಾಸವಡದ ತನ್ನ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. "ಮಿಸ್ತ್ರೀ, ಶುಕ್ರವಾರ ಪೇಠೇದ ನಮ್ಮ ವಾಡೇಕ್ಕ ಬೆಂಕಿ ಬಿದ್ದಿತ್ತು. ರಾಧಾಕಾಕೂನ ಖೋಲಿ ಪೂರಾ ಹೋತು. ಮಂದಿಗೇನೂ ಆಗಿಲ್ಲ. ನೀವು ಅಸ್ತರ ಹಾಕಿದ ಹಳೇ ತಿಜೋರಿ ಅದ ಅಲ್ಲ, ನಿನ್ನೆ ಅದರ ಬಾಗಿಲಾ ತಗದ್ವಿ. ಅಸ್ತರ ಮತ್ತೊಮ್ಮೆ ಹೊಸಾದು ಹಾಕಬೇಕು. ಇವತ್ತ ಬರ್ರಿ." ಇಷ್ಟು ಹೇಳಿ ಅವನು ಫೋನಿಟ್ಟುಬಿಟ್ಟ. ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ. ಒಳಗಿದ್ದದ್ದು ಉಳಿದಿದೆಯೋ, ಸುಟ್ಟಿದೆಯೋ? ಬಾಯಿ ತುಂಬ ನೊರೆಯಿತ್ತು, ಅದಕ್ಕೇ ಕೇಳಲಾಗಲಿಲ್ಲ ಎಂದು ಮಲಕಪ್ಪ ತನಗೆ ತಾನೇ ಹೇಳಿಕೊಂಡ. ಆದರೆ ನೊರೆ ಉಗುಳಲು ಒಂದು ಗಳಿಗೆ ಸಾಕಿತ್ತು, ಉಗುಳಿದ ಮೇಲೆ ತಿರುಗಿ ಫೋನು ಮಾಡಲು ಬೆರಳುಗಳೂ ಇದ್ದವು. ಬೆರಳುಗಳು ಮಾತ್ರ ಫೋನನ್ನು ಅಂಗಿಯ ಜೇಬಿಗೆ ಹಾಕಿ, ಆ ಜೇಬನ್ನು ಒಂದು ಸಲ ತಟ್ಟಿ, ಮೂಲೆಯಲ್ಲಿದ್ದ ಹತಾರಗಳ ಚೀಲಕ್ಕೆ ಕೈಹಾಕಿದವು.

ಮಾತಿನಲ್ಲಿ ಮಲಕಪ್ಪನನ್ನು ಮೀರಿಸುವವರು ಸಹ್ಯಾದ್ರಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಅವನು ಅಸ್ತರ ಹಾಕಿದ ತಿಜೋರಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಿಂಹಗಡ ಅವುಗಳ ಮೊಣಕಾಲಿಗೆ ಬರುತ್ತಿತ್ತು. ತಿಜೋರಿಯ ಗೋಡೆಯೆಂದರೆ ಎರಡು ಉಕ್ಕಿನ ತಗಡು, ನಡುವೆ ಒಂದು ಮುಷ್ಟಿಯಷ್ಟು ಸಂದು. ಆ ಸಂದಿನಲ್ಲಿ ತುಂಬಿದ ಪುಡಿಯೇ ಅಸ್ತರ, ಬೆಂಕಿಯನ್ನು ತಡೆಯುವುದು ಉಕ್ಕಲ್ಲ, ಆ ಪುಡಿ. ಹಳೆಯ ತಿಜೋರಿಗಳಲ್ಲಿ ಅದು ವರ್ಷಗಳ ಭಾರಕ್ಕೆ ಕುಸಿದು ತಳ ಸೇರಿ, ಮೇಲೆಲ್ಲ ಟೊಳ್ಳಾಗುತ್ತದೆ. ಮಲಕಪ್ಪ ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಪುಡಿ ಎಲ್ಲಿಯವರೆಗೆ ಇದೆ, ಯಾವ ಊರಿನದು, ತುಂಬಿದವನು ಎಡಗೈಯವನೋ ಬಲಗೈಯವನೋ, ಅಂದು ಅವನ ಹೆಂಡತಿ ಜಗಳವಾಡಿದ್ದಳೋ ಇಲ್ಲವೋ, ಎಲ್ಲ ಹೇಳುತ್ತಿದ್ದ. ರವಿವಾರ ಪೇಠೆಯ ಸರಾಫರಿಗೆ ಅವನು ಹೇಳಿದ್ದೇನೆಂದರೆ, ನನ್ನ ಅಸ್ತರದ ತಿಜೋರಿಯೊಳಗೆ ಕುಲ್ಫಿ ಇಟ್ಟು ಹೊರಗೆ ಹೋಳಿ ಹಚ್ಚಿರಿ, ಹೋಳಿ ಆರಿದ ಮೇಲೆ ಕುಲ್ಫಿ ತಿನ್ನಿರಿ. ಸರಾಫರು ನಕ್ಕಿದ್ದರು. ಕುಲ್ಫಿಯನ್ನೂ ಇಡಲಿಲ್ಲ, ಹೋಳಿಯನ್ನೂ ಹಚ್ಚಲಿಲ್ಲ. ಅಲ್ಲಿಯೇ ಇತ್ತು ಮಲಕಪ್ಪನ ಎದೆಯಲ್ಲಿ ಎಂದೂ ಇಳಿಯದ ಕಡುಬು. ಕ್ಷೌರಿಕನ ಕೆಲಸವನ್ನು ಕನ್ನಡಿ ಹೇಳುತ್ತದೆ, ಅಡುಗೆಯವನದನ್ನು ನಾಲಗೆ ಹೇಳುತ್ತದೆ. ಅವನ ಕೆಲಸವನ್ನು ಹೇಳಬೇಕಾದರೆ ಯಾರದಾದರೂ ಮನೆ ಸುಡಬೇಕು. ಮತ್ತು ಇಷ್ಟು ವರ್ಷಗಳಲ್ಲಿ ಅವನ ಒಬ್ಬ ಗಿರಾಕಿಯ ಮನೆಯೂ ಸುಟ್ಟಿರಲಿಲ್ಲ. ಬೆಳಿಗ್ಗೆ ಪೇಪರಿನಲ್ಲಿ ಅವನು ಮೊದಲು ನೋಡುತ್ತಿದ್ದುದು ಬೆಂಕಿಯ ಸುದ್ದಿ. ಪೇಠೆಯ ಹೆಸರು ಸರಿಯಾಗಿದ್ದು ಅಂಗಡಿ ಗಾದಿಯದೋ ಚಪ್ಪಲಿಯದೋ ಆಗಿದ್ದರೆ, ಪಂಕ್ತಿಯಲ್ಲಿ ತನ್ನ ಎಲೆಯನ್ನು ಮಾತ್ರ ಬಿಟ್ಟು ಮುಂದೆ ಹೋದಂತೆ ಅವನಿಗೆ ಅನ್ನಿಸುತ್ತಿತ್ತು. ದೀಪಾವಳಿಯ ಸಂಜೆ ಮಾಳಿಗೆ ಹತ್ತಿ ಅಗ್ನಿಶಾಮಕದ ಗಂಟೆಗೆ ಕಿವಿಗೊಡುತ್ತ, 'ಯಾರಿಗೂ ಏನೂ ಆಗಬಾರದು ದೇವರೇ, ಸಣ್ಣದೊಂದು, ಬರೇ ಒಂದು ಖೋಲಿಯಷ್ಟು' ಎಂದು ಅವನು ಬೇಡಿಕೊಂಡದ್ದು ಎಷ್ಟು ದೀಪಾವಳಿಯೋ. ಈಗ ಪಂಢರಿನಾಥ ಹೇಳಿದ್ದೂ ಅದನ್ನೇ ಅಲ್ಲವೆ? ಮಂದಿಗೇನೂ ಆಗಿಲ್ಲ, ಒಂದು ಖೋಲಿ ಹೋಯಿತು. ದೇವರು ಅವನ ಅರ್ಜಿಯನ್ನು ಅಕ್ಷರ ಬಿಡದೆ ಓದಿದ್ದ.

"ಯಾರದೋ ಮನೀ ಸುಟ್ಟೈತಿ ಅಂದ್ರ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಟೀರಲ್ಲ, ಬೀಗರ ಮನೀಗೆ ಹೊಂಟಂಗ," ಎಂದಳು ಹೆಂಡತಿ ಶಿವಬಸವ್ವ, ಚಹದ ಬಟ್ಟಲು ಮುಂದಿಡುತ್ತ.

"ಒಗದದ್ದು ಇದೊಂದ ಇತ್ತು."

"ಎಣ್ಣಿ ಹಚ್ಚಿ ತಲೀ ಬಾಚೀರಿ. ಅದನ್ನೂ ಒಗದದ್ದೇನು?"

ಅವನು ಚಹವನ್ನು ಸುಡುಸುಡುವಾಗಿಯೇ ಕುಡಿದು ಎದ್ದ.

ದಿವೆ ಘಾಟ ಇಳಿಯುವ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಬದಿ ಸಿಗಲಿಲ್ಲ. ತೊಡೆಯ ಮೇಲಿನ ಚೀಲದಿಂದ ಹೊರಬಂದಿದ್ದ ಉಳಿಯ ತುದಿ ಪಕ್ಕದ ಹುಡುಗಿಯ ಓಢಣಿಗೆ ಸಿಕ್ಕಿ ದಾರ ಎಳೆಯಿತು. ಅವಳು ಓಢಣಿಯನ್ನು ಬಿಡಿಸಿಕೊಂಡು, ಆಚೆ ಸರಿದು, ಕೂದಲೆಳೆಯಷ್ಟು ಜಾಗದಲ್ಲಿ ಮೈ ಮುದುಡಿಕೊಂಡಳು. ಕಂಡಕ್ಟರ್ ಮಾತ್ರ ಮರಾಠಿಯಲ್ಲಿ ಗದರಿ ಚೀಲವನ್ನು ಕೆಳಗಿಡಿಸಿದ. ಈ ಚೀಲ ಎಂಥದು, ಇದರೊಳಗಿನ ಪುಡಿ ಬಡಿಯುವ ಕೋಲು ಯಾವ ಯಾವ ಮನೆತನದ ಭಾಗ್ಯವನ್ನು ಬಡಿದು ಕೂರಿಸಿದೆ ಎಂದು ಮಲಕಪ್ಪ ಶುರುಮಾಡುವಷ್ಟರಲ್ಲಿ ಕಂಡಕ್ಟರ್ ಹಿಂದಿನ ಸೀಟು ತಲುಪಿದ್ದ. ಆಗ ಅವನು ಒಳಗೇ ಮಾತಾಡತೊಡಗಿದ. ಎರಡು ಭಾಷಣ ತಯಾರಿದ್ದವು. ಒಳಗಿದ್ದದ್ದು ಸುಟ್ಟಿದ್ದರೆ, ತಗಡು ತೆಳು, ಮಾಡಿದವನು ಬ್ರಿಟಿಷರ ಕಾಲದ ಕಳ್ಳ. ಅಗ್ನಿಶಾಮಕದವರು ಕಾದ ಉಕ್ಕಿನ ಮೇಲೆ ತಣ್ಣೀರು ಹೊಡೆದರೆ ಯಾವ ಅಸ್ತರ ತಾಳುತ್ತದೆ? ಬಾಗಿಲು ಆರುವ ಮುಂಚೆ ತೆಗೆದಿರಿ, ಗಾಳಿ ಹೊಕ್ಕಿತು, ತಪ್ಪು ನಿಮ್ಮದು. ಉಳಿದಿದ್ದರೆ ಆಡಬೇಕಾದ ಭಾಷಣ ಇನ್ನೂ ಉದ್ದವಿತ್ತು, ಅದರಲ್ಲಿ ನಡುನಡುವೆ ಜನ ಚಪ್ಪಾಳೆ ತಟ್ಟುವುದಕ್ಕೆ ಜಾಗ ಬಿಟ್ಟಿದ್ದ. ಎರಡೂ ಬಾಯಿಪಾಠವಾಗಿದ್ದವು. ಇಂಥ ಹೊತ್ತಿನಲ್ಲಿ ನೋಡುವುದೊಂದು ಯಾಕೆ ಉಳಿದಿರಬೇಕು, ಬಸ್ಸು ಘಾಟದಲ್ಲೇ ಕೆಟ್ಟು ನಿಲ್ಲಬಾರದೆ, ಎಂದು ಒಂದು ತಿರುವಿನಲ್ಲಿ ಅವನಿಗೆ ಅನ್ನಿಸಿತು.

ಕೆಲವು ವರ್ಷಗಳ ಹಿಂದೆ ಬಿಚ್ಚಿದಾಗ ಆ ತಿಜೋರಿಯ ಹಳೆಯ ಪುಡಿ ಮುಗ್ಗಲು ಹಿಡಿದ ಹಿಟ್ಟಿನ ಹಾಗೆ ಸುರಿದಿತ್ತು, ತುಕ್ಕು ಬೆರೆತು ಕೆಂಪಾಗಿತ್ತು. ಅವನು ಗೆಣ್ಣಿನಿಂದ ಬಡಿದು, "ಬಾಯಾರ, ನಿಮ್ಮ ತಿಜೋರಿ ತಲೀ ಖಾಲಿ ಐತ್ರಿ," ಎಂದಾಗ ಪಂಢರಿನಾಥನ ಕಾಕು ರಾಧಾಬಾಯಿ ನಗದೆ, "ಈ ಮನ್ಯಾಗ ಅದಕ್ಕೊಂದಕ್ಕ ಅಂತೀರೇನು?" ಎಂದಿದ್ದಳು. ಮಾತಿನಲ್ಲಿ ತನಗೆ ಸಮ ನಿಲ್ಲುವವರನ್ನು ಕಂಡರೆ ಮಲಕಪ್ಪನಿಗೆ ಹುರುಪು. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕವನ್ನು ಅಂಗೈಯಲ್ಲಿ ಹಿಡಿದು ಅವಳಿಗೆ ಪಾಠವನ್ನೇ ಹೇಳಿದ್ದ. ಇದರ ಒಂದೊಂದು ಹರಳಿನ ಹೊಟ್ಟೆಯಲ್ಲಿಯೂ ನೀರು ಅಡಗಿದೆ, ಇದನ್ನು ಗಾರೆ ಮತ್ತು ಕಟ್ಟಿಗೆಯ ಹೊಟ್ಟಿನ ಜೊತೆ ಕಲಸಿ ಬಡಿದು ತುಂಬಿದರೆ, ಬೆಂಕಿ ಬಂದ ದಿನ ಇದು ಬೆವರುತ್ತದೆ, ಬೆವರು ಇರುವ ತನಕ ಒಳಗೆ ತಂಪು. "ಬಟ್ಟೀಗೇನೂ ಆಗೂದಿಲ್ಲ ಅಲ್ಲ?" ಎಂದು ಕೇಳಿದ್ದಳು. "ಬಟ್ಟಿ? ಬೆಣ್ಣಿ ಇಡ್ರಿ ಬಾಯಾರ, ಮೂಗು ಕರಗೂದಿಲ್ಲ ಅದರದು." ಬೆಣ್ಣೆಗೆ ಮೂಗೆಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಎಲ್ಲ ಮುಗಿಸಿ, ಸಂಕ್ರಮಣದ ತನಕ ಬಾಗಿಲು ತೆರೆದಿಡಿರಿ, ಒಣಗಬೇಕು, ಎಂದು ಹೇಳಿ ಬಂದಿದ್ದ. ಆಮೇಲೆ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಅವನನ್ನೂ ಕರೆದಿದ್ದರು. ಖೋಲಿ ತುಂಬ ನೆಂಟರು, ತಿಜೋರಿಗೆ ಚೆಂಡುಹೂವಿನ ಮಾಲೆ, ಒಳಗೆ ಅಸ್ತರ ಇನ್ನೂ ಮೊಸರನ್ನದಷ್ಟು ಹಸಿ. ಪಂಢರಿನಾಥನ ಮಾವ, ಬೆಳಗಾವಿಯವರು, ಬಂಗಾರದ ಕಟ್ಟಿನ ಚಾಳೀಸಿನ ಗಾಜಿನೊಳಗಿಂದ ಆ ತೆರೆದ ಬಾಗಿಲನ್ನು ನೋಡಿ, "ಲಕ್ಷ್ಮೀನ್ನ ಕೂಡಿಸಿ ಬಾಗಿಲಾ ತಗದಿಡ್ತಾರೇನು ಯಾರರ? ಹೊರಗ ಹೋಗವ್ವಾ ಅಂತ ಹಾದಿ ತೋರಿಸಿದಂಗ. ಕೆಲಸ ಅರ್ಧಾ ಆಗಿದ್ರ ಮಿಸ್ತ್ರೀಗೆ ಪ್ರಸಾದನೂ ಅರ್ಧಾನಽ ಕೊಡ್ರಿ," ಎಂದರು. ಎಲ್ಲರೂ ನಕ್ಕರು. ನಗೆಯ ನಡುವೆ ಮಲಕಪ್ಪ ಎದ್ದ, ಎರಡು ಕೈಯಿಂದ ಬಾಗಿಲನ್ನು ನೂಕಿದ, ಅದು ಧುಪ್ ಎಂದು ಕೂತಿತು. ಆನೆ ಮಂಡಿಯೂರಿದರೂ ಅಂಥ ಸದ್ದು ಬರದು. "ಮಲಕಪ್ಪನ ಅಸ್ತರಕ್ಕ ಒಣಗೂ ದರಕಾರಿಲ್ರಿ!" ಎಂದ. ಚಾಳೀಸಿನವರು ಕೂಡ ವ್ಹಾ ಎಂದರು. ಎಷ್ಟು ಚೆಂದದ ಸದ್ದು ಅದು! ಬಸ್ಸು ಹಡಪಸರದ ಗದ್ದಲಕ್ಕೆ ಇಳಿಯುವವರೆಗೂ ಅವನು ಆ ಸದ್ದನ್ನು ನೆನೆಯುತ್ತಿದ್ದ, ಅದರಾಚೆಗೆ ನೆನಪನ್ನು ಹೋಗಗೊಡಲಿಲ್ಲ.

ಸ್ವಾರಗೇಟದಲ್ಲಿ ಇಳಿದು ನಡೆಯುವಾಗ ವಾಡೆ ಕಾಣುವ ಮುಂಚೆಯೇ ಅದರ ವಾಸನೆ ಎದುರು ಬಂತು, ನೀರಲ್ಲಿ ನೆನೆದ ಇದ್ದಿಲಿನ ಹುಳಿವಾಸನೆ. ಚಾರ್ಜಿಗೆ ಇಟ್ಟ ಬಾಡಿಗೆಯವರ ಸ್ಕೂಟರಿನ ಬ್ಯಾಟರಿಯಿಂದ ಹತ್ತಿಕೊಂಡಿತಂತೆ. ಮುಂದಿನ ಭಾಗ ಏನೂ ಆಗದವರಂತೆ ಸೊಕ್ಕಿನಿಂದ ನಿಂತಿತ್ತು, ಹಿಂದೆ ರಾಧಾಬಾಯಿಯ ಖೋಲಿಯ ಜಾಗದಲ್ಲಿ ಆಕಾಶ ಇತ್ತು. ಎದುರು ಮನೆಯ ಕಟ್ಟೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಳು. ಯಾರದೋ ದೊಗಳೆ ಮ್ಯಾಕ್ಸಿ ತೊಟ್ಟಿದ್ದಳು, ಅದರ ಮೇಲೆಲ್ಲ ಸೂರ್ಯಕಾಂತಿ ಹೂಗಳು. ಇಷ್ಟು ವರ್ಷ ಸೀರೆಯ ಹೊರತು ಬೇರೇನನ್ನೂ ಉಡದಿದ್ದ ಹೆಂಗಸಿನ ಮೇಲೆ ಆ ಹೂಗಳು ಅಣಕಿಸುವ ಮಕ್ಕಳ ಹಾಗೆ ಕಂಡವು. ಅವನು ಬೇರೆ ಕಡೆ ನೋಡಿದ.

"ಬರ್ರಿ ಬರ್ರಿ, ಹೀರೋ ಬಂದ್ರು!" ಎಂದ ಪಂಢರಿನಾಥ, ಮೊಬೈಲನ್ನು ಅವನ ಮುಖಕ್ಕೇ ಹಿಡಿದು. ರಾಧಾಬಾಯಿಯ ಮೈದುನನ ಮಗ, ಬ್ಯಾಂಕಿನಲ್ಲಿ ಕೆಲಸ, ಎಲ್ಲದಕ್ಕೂ ವಿಡಿಯೋ. ಹೀರೋ ಎಂದದ್ದು ಮೆಚ್ಚಿಯೋ, ಚುಚ್ಚಲಿಕ್ಕೋ?

"ಮೊದಲ ಒಂದ್ ಚಹಾ ಕುಡೀತೀನ್ರಿ," ಎಂದ ಮಲಕಪ್ಪ.

ಚಹ ಕಾಗದದ ಕಪ್ಪಿನಲ್ಲಿ ಬಂತು. ಪಂಢರಿನಾಥನ ಕೈಯಲ್ಲಿದ್ದುದೂ ಕಾಗದದ್ದೇ ಎಂದು ಅವನು ಓರೆಗಣ್ಣಲ್ಲಿ ಖಾತ್ರಿ ಮಾಡಿಕೊಂಡ. ಹಿಂದೆ ಈ ಮನೆಯಲ್ಲಿ ಅವನಿಗೆ ಬೇರೆ ಬಟ್ಟಲು ಇತ್ತೋ ಇಲ್ಲವೋ, ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಅದು. ಚಹ ಮುಗಿಯಿತು. ಖಾಲಿ ಕಪ್ಪಿನಿಂದ ಮತ್ತೆರಡು ಸಲ ಕುಡಿದ. ಆಮೇಲೆ ಪಂಢರಿನಾಥ ಅವನ ರಟ್ಟೆ ಹಿಡಿದು ಇದ್ದಿಲು ತುಳಿಸುತ್ತ ಎಳೆದುಕೊಂಡು ಹೋದ.

ತಿಜೋರಿ ಸುಟ್ಟ ತೊಲೆಗಳ ನಡುವೆ ಕರಿಯ ಎಮ್ಮೆಯಂತೆ ನಿಂತಿತ್ತು. ಹಸಿರು ಬಣ್ಣವೆಲ್ಲ ಸುಟ್ಟ ಹಪ್ಪಳದ ಹಾಗೆ ಗುಳ್ಳೆಯೆದ್ದು ಉದುರಿತ್ತು. ಬಾಗಿಲನ್ನು ಪಂಢರಿನಾಥ ತೆಗೆಯುವಾಗ ಮಲಕಪ್ಪ ಕಣ್ಣು ಮುಚ್ಚಿದ್ದ. ತೆರೆದಾಗ ಮೊದಲು ಕಂಡದ್ದು ಹಲಗೆಯ ಮೇಲೆ ಹಾಸಿದ ಹಳೆಯ ಪೇಪರು, ಅದರ ಮೇಲೆ ಒಬ್ಬ ನಗುವ ನಟಿ, ನಗು ಒಂದಿಷ್ಟೂ ಕಂದಿರಲಿಲ್ಲ. ಪಕ್ಕದಲ್ಲಿ ಕುಂಕುಮದ ಭರಣಿ. ಮತ್ತೆ ಒಂದು ಸ್ಟೀಲಿನ ಡಬ್ಬಿ. ಪಂಢರಿನಾಥ ಮುಚ್ಚಳ ತೆಗೆದ. ಒಳಗೆ ಹೂಬತ್ತಿಗಳು, ರಾಧಾಬಾಯಿ ಕೈಯಾರೆ ಹೊಸೆದವು, ಬೆಳ್ಳಗೆ. ಸುಡಲೆಂದೇ ಹುಟ್ಟಿದ ಹತ್ತಿ, ಇಡೀ ಖೋಲಿ ಉರಿದು ಬೂದಿಯಾದ ಬೆಂಕಿಯ ನಟ್ಟನಡುವೆ ಕೂತು, ಕಾವು ಅಂದರೇನೆಂದು ಕೇಳುವಂತಿತ್ತು. ಮಲಕಪ್ಪ ಒಂದು ಬತ್ತಿಯನ್ನೆತ್ತಿ ಕೆನ್ನೆಗೆ ಒತ್ತಿಕೊಂಡ. ಅಳುವಾಗಬೇಕಾದದ್ದು ಮಾತಾಯಿತು.

ಅಕ್ಕಪಕ್ಕದವರು ಸೇರಿದ್ದರು. ಅಗ್ನಿಶಾಮಕದವರೇ ಬೆರಗಾಗಿ, ಇದಕ್ಕೆ ಅಸ್ತರ ಹಾಕಿದ ಮನುಷ್ಯ ಯಾರು ಎಂದು ಕೇಳಿದರೆಂದು ಪಂಢರಿನಾಥ ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಮಲಕಪ್ಪ ಮರಾಠಿಯಲ್ಲಿ ಶುರುಮಾಡಿ, ಹಿಂದಿಗೆ ಹಾರಿ, ಕೊನೆಗೆ ಮೊಬೈಲಿನ ಕಣ್ಣನ್ನೇ ನೋಡುತ್ತ ಕನ್ನಡಕ್ಕೆ ಇಳಿದ. "ಬೆಂಕಿ ಬಂತ್ರಿ. ಬಾಗಿಲಾ ಬಡೀತು. ಒಳಗ ಯಾರದೀರಿ ಅಂತು. ಮಲಕಪ್ಪ ಅದೀನಿ ಅಂದೆ. ಯಾವ ಮಲಕಪ್ಪ ಅಂತು. ಅಮೀನಗಡದ ಮಲಕಪ್ಪ ಅಂದೆ. ತಪ್ಪಾತ್ರೀ, ನಿಮ್ಮ ಮನೀ ಅಂತ ಗೊತ್ತಿರ್ಲಿಲ್ಲ ಅಂದು, ಕೈ ಮುಗದು, ಬಂದ ಹಾದೀ ಹಿಡೀತು." ಅರ್ಥವಾದವರೂ ಆಗದವರೂ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ತಾನು ಬಸ್ಸಿನಲ್ಲಿ ಚಪ್ಪಾಳೆಗೆಂದು ಬಿಟ್ಟಿದ್ದ ಜಾಗದಲ್ಲಿಯೇ ತಟ್ಟಿದರಲ್ಲ ಎಂದು ಅವನ ಮೈ ನವಿರೆದ್ದಿತು. ಸೂರ್ಯಕಾಂತಿ ಹೂಗಳ ಮ್ಯಾಕ್ಸಿ ಆ ಕಡೆ ಅಲುಗಾಡದೆ ಕೂತಿತ್ತು.

"ಇದನ್ನ ಹೊಸಾ ಫ್ಲ್ಯಾಟಿನ್ಯಾಗ ಹಾಲ್‌ನ್ಯಾಗ ಇಡಾಂವ ನಾನು," ಎಂದ ಪಂಢರಿನಾಥ. "ಬಂದಾವ್ರಿಗೆಲ್ಲಾ ತೋರಸ್ಲಿಕ್ಕೆ. ಅಸ್ತರ ಮಾತ್ರ ಹೊಸಾದು ಬೇಕು ನೋಡ್ರಿ."

ಬೇಕೇಬೇಕು ಎಂದ ಮಲಕಪ್ಪ. ಒಮ್ಮೆ ಬೆವರಿದ ಅಸ್ತರ ಮತ್ತೊಮ್ಮೆ ಬೆವರುವುದಿಲ್ಲ. ಜನ ಚದುರಿದರು, ಪಂಢರಿನಾಥ ವಿಡಿಯೋ ಕಳಿಸಲು ಸಿಗ್ನಲ್ ಹುಡುಕುತ್ತ ರಸ್ತೆಗೆ ಹೋದ. ಮಲಕಪ್ಪ ಒಳತಗಡಿನ ಸ್ಕ್ರೂಗಳನ್ನು ಬಿಚ್ಚಿದ. ಎಡಗೋಡೆಯ ತುಂಬುಗಾರೆ ಉಳಿ ತಾಗಿದೊಡನೆ ಉದುರಿತು, ಬಿಳಿಯ, ಹಗುರಾದ, ನೀರೆಲ್ಲ ಹೋದ ಎಲುಬಿನಂಥ ಪುಡಿ. ಬಲಗೋಡೆಯದೂ ಹಾಗೆಯೇ. ಸತ್ತರೆ ಹೀಗೆ ಸಾಯಬೇಕು ಎಂದು ಅವನು ಆ ಪುಡಿಗೆ ಮನಸ್ಸಿನಲ್ಲಿಯೇ ಹೂ ಏರಿಸಿದ. ಹಿಂಗೋಡೆಗೆ ಉಳಿ ಹಾಕಿದಾಗ ಅದು ಉದುರಲಿಲ್ಲ. ಉಳಿ ಬೆಲ್ಲದ ಪೆಂಟೆಗೆ ಸಿಕ್ಕಂತೆ ಸಿಕ್ಕಿಕೊಂಡಿತು. ಎಳೆದರೆ ತುದಿಗೆ ಕಪ್ಪನೆಯ ಜಿಗುಟು. ಬೆರಳಲ್ಲಿ ತಿಕ್ಕಿದ. ಹಸಿ. ಇಷ್ಟು ಬೇಸಗೆಗಳನ್ನು ಕಂಡು, ಈ ಬೆಂಕಿಯನ್ನೂ ಕಂಡು, ತಳದಲ್ಲಿ ಇನ್ನೂ ಹಸಿ. ತಗಡಿನ ಅಂಚಿನುದ್ದಕ್ಕೂ ಒಳಮುಖದಲ್ಲಿ ಬೂಷ್ಟು ಕರಿಯ ಗೆರೆ ಎಳೆದಿತ್ತು, ಕಾಡಿಗೆ ತೀಡಿದಂತೆ. ಹಾಗಾದರೆ ಆ ದಿನ ಹಾಕಿದ ಬಾಗಿಲನ್ನು ಒಣಗಲೆಂದು ಯಾರೂ ತೆರೆದಿಟ್ಟಿರಲಿಲ್ಲ. ಮಾರನೆಯ ದಿನ ಹೋಗಿ, ರಾಧಾಬಾಯಿ ಒಬ್ಬಳೇ ಇದ್ದಾಗ, ಬಾಯಾರ ಬಾಗಿಲು ತೆಗೆದಿಡಿರಿ, ನಿನ್ನೆ ಸುಮ್ಮನೆ ಹಾಗೆ ಅಂದೆ, ಎಂದು ಹೇಳಬೇಕೆಂದುಕೊಂಡಿದ್ದ. ಮಾರನೆಯ ದಿನ ಪಾಡ್ಯ, ಅದರ ಮರುದಿನ ಭಾವಬಿದಿಗೆ, ಆಮೇಲೆ ರಾಂಜಣಗಾಂವದಲ್ಲಿ ಒಂದು ಕಾರ್ಖಾನೆಯ ಕೆಲಸ. ಸ್ವಾರಗೇಟದ ಮೇಲೆಯೇ ಎಷ್ಟೋ ಸಲ ಹಾದುಹೋದದ್ದು ಉಂಟು. ಅಲ್ಲಿಂದ ಇಲ್ಲಿಗೆ ಕೂಗಳತೆ. ಬೆಂಕಿ ಕೈಮುಗಿದದ್ದು ಮಲಕಪ್ಪನಿಗಲ್ಲ, ಅವನು ಆರಲು ಬಿಡದ ನೀರಿಗೆ. ಈ ವಿಚಾರವನ್ನು ಅವನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸಿ, ನೀರಾದರೂ ಸರಿ, ಅದನ್ನು ಕಲಸಿದವನು ಯಾರು ಎಂದು ಕೇಳಿ, ತಿರುಗಿ ಕಳಿಸಿದ.

ಕುರ್ಚಿ ಎಳೆದ ಸದ್ದಾಯಿತು. ರಾಧಾಬಾಯಿ ಇದ್ದಿಲ ಮೇಲೆಯೇ ಅದನ್ನು ಹಾಕಿಕೊಂಡು ಪಕ್ಕ ಕೂತಳು.

"ಬತ್ತಿ ಉಳದಾವ ನೋಡ್ರಿ, ಮಲಕಪ್ಪ."

ಅವಳು ಮಿಸ್ತ್ರಿ ಎನ್ನದೆ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ಬತ್ತಿ ಏನ್ರಿ ಬಾಯಾರ, ಬೆಣ್ಣಿ..." ಎಂದು ಶುರುಮಾಡಿದವನು ಅಲ್ಲಿಗೆ ನಿಂತ. ಕಪ್ಪು ಹತ್ತಿದ ಬೆರಳನ್ನು ಧೋತರಕ್ಕೆ ಒರೆಸಿದ. "ಬ್ಯಾರೆ ಏನೂ ಇಟ್ಟಿರ್ಲಿಲ್ಲೇನ್ರಿ ಇದರಾಗ?"

"ಇಡ್ಲಿಕ್ಕೆ ಬರ್ತಿದ್ದಿಲ್ಲ. ಹಸೀ ಹಿಡೀತಿತ್ತು. ಒಂದು ಸೀರಿ ಇಟ್ಟಿದ್ದೆ, ಲಕ್ಷ್ಮೀಪೂಜಾದ ದಿನಾನೇ. ಹೋಳೀಗೆ ತಗದು ನೋಡಿದ್ರ ಮಡಿಕೀಗುಂಟ ಕರೀ ಚಿಕ್ಕಿ, ನೆಂದ ನಾಯಿ ವಾಸನಿ. ಒಗದು ನೆಳ್ಳಾಗ ಹಾಕಿ ಕಟಗೀ ಕಪಾಟಿನ್ಯಾಗ ಇಟ್ಟೆ. ಲವಂಗ, ಬೇವಿನೆಲಿ ಎಲ್ಲಾ ಹಾಕಿ." ಅವಳು ಆಕಾಶವಿದ್ದ ಕಡೆಗೆ ಗದ್ದ ಎತ್ತಿದಳು. "ಕಪಾಟ ಅಲ್ಲೇ ಇತ್ತು. ಅದರ ಹಿಡಿಕಿ ಸಿಕ್ಕದ."

"ನನಗೊಂದ್ ಮಾತು ಹೇಳಬೇಕಿತ್ತಲ್ರಿ ಬಾಯಾರ! ಬಂದು ಒಂದ ತಾಸಿನ್ಯಾಗ..."

"ನಿಮಗ ಹೇಳಿದ್ರ ನೀವು ಬಂದು ಮಾತಾಡ್ತಿದ್ರಿ," ಎಂದಳು. "ಆವಾಗ ಕೇಳೂ ತ್ರಾಣ ಇರ್ಲಿಲ್ಲ ನನಗ. ನಮ್ಮಣ್ಣ ತೀರಿಕೊಂಡು ಭಾಳ ದಿನಾ ಆಗಿರ್ಲಿಲ್ಲ."

ಸೀರೆ ಆ ಅಣ್ಣನೇ ತಂದದ್ದು. ಕಮತಗಿಯಲ್ಲಿ ಅವಳ ತವರು. ಹೆಂಗಸು ಸತ್ತರೆ ತವರಿನವರು ಒಂದು ಸೀರೆ ತರಬೇಕು, ಅದನ್ನು ಹೊದಿಸಿಯೇ ಎತ್ತಬೇಕು. ಅದಿಲ್ಲದೆ ಹೋದ ಹೆಣ್ಣನ್ನು ಹಿಂದೆ ಯಾರೂ ಇಲ್ಲದವಳು ಅನ್ನುತ್ತಾರೆ. ಅಣ್ಣನೊಬ್ಬನೇ ಉಳಿದಿದ್ದ, ಅವನಿಗೂ ಎದೆಯ ಬೇನೆ. ಇಳಕಲ್ಲಿನಿಂದ ಸೀರೆ ತಂದು ಅವಳ ಕೈಗೆ ಕೊಟ್ಟು, "ಮುಂಚೇನೇ ಕೊಟ್ಟಿರ್ತೀನಿ ತಂಗಿ, ಹೊತ್ತಿಗೆ ಬರ್ಲಿಕ್ಕೆ ನಾನೇ ಇರ್ತೀನೋ ಇಲ್ಲೋ," ಎಂದಿದ್ದನಂತೆ. ಅದಕ್ಕೆಂದೇ ಅವಳು ಅಜ್ಜಮಾವನ ಕಾಲದ ಆ ತಿಜೋರಿಯನ್ನು ದುರಸ್ತಿ ಮಾಡಿಸಿದ್ದು. ಇದನ್ನೆಲ್ಲ ಅವಳು ಕೊಳಾಯಿಯ ನೀರು ಎಷ್ಟಕ್ಕೆ ಬರುತ್ತದೆಂದು ಹೇಳುವವಳಂತೆ ಹೇಳಿದಳು. ಮಲಕಪ್ಪ ಉಳಿಯನ್ನು ನೋಡುತ್ತಿದ್ದ. ಕರೀ ಚಿಕ್ಕಿಯನ್ನು ಹೋಗಲಾಡಿಸುವ ನೂರು ಉಪಾಯ ಅವನಿಗೆ ಗೊತ್ತಿದ್ದವು, ಚಿಕ್ಕಿ ಕೂರಲು ಸೀರೆಯೇ ಇರಲಿಲ್ಲ. ಬಾಯಿ ತಾನಾಗಿಯೇ ಹೊರಟಿತು. ಪುಣೆಯ ಮಳೆಗಾಲವೇ ಹಾಗೆ, ಈ ಓಣಿಯಲ್ಲಿ ನೆಲದೊಳಗೇ ನೀರು, ತಗಡಿನ ಸಂದು ಹಳೆಯದು, ಆ ಸ್ಕೂಟರಿನವನನ್ನು ಪೊಲೀಸರಿಗೆ ಹಿಡಿದುಕೊಡಬೇಕು. ಅವಳು ಹೌದ್ರಿ, ಹೌದ್ರಿ ಎಂದಳು, ಅಳುವ ಮಗುವಿನ ಬೆನ್ನು ತಟ್ಟುವ ಲಯದಲ್ಲಿ. ಅವನ ಮಾತು ತಾನಾಗಿ ಸೋತು ನಿಂತ ಮೇಲೆ, "ಬಾಗಿಲಾ ನೀವು ಹಾಕಿದ್ರಿ," ಎಂದಳು.

ಅವನು ಉಳಿಯ ತುದಿಯ ಜಿಗುಟನ್ನು ಇದ್ದಿಲಿಗೆ ಒರೆಸಿದ.

"ತಗದಿಡ್ರಿ ಅಂತ ಹೇಳಿದಾವ್ರೂ ನೀವೇ. ಮರುದಿನ ತಗೀಬೇಕಂತ ಮಾಡಿದ್ದೆ ನಾ. ಲಕ್ಷ್ಮೀ ಕೂತ ಬಾಗಿಲಾ ತಗೀಬಾರದು ಅಂದ್ರು ಎಲ್ಲಾರೂ. ಒಣಗಬೇಕಂತ ಅಲ್ಲ ಅಂದೆ. ಮಿಸ್ತ್ರೀನಽ ದರಕಾರಿಲ್ಲ ಅಂತ ಹೇಳ್ಯಾನಲ್ಲ, ನಿನಗ ಅವಗಿಂತ ಹೆಚ್ಚು ತಿಳೀತದೇನು ಅಂದ್ರು. ಅದೂ ಖರೇ ಅನ್ನಿಸ್ತು. ನನಗೇನ್ ತಿಳೀತದ."

ಈಗ ಹೇಳಬೇಕಾದ ಮಾತು ಒಂದಿತ್ತು, ಬಹಳ ಸಣ್ಣದು. ಸ್ವಲ್ಪ ಹೊತ್ತಿನ ಮುಂಚೆ ಅದನ್ನು ಅವನು ಬೆಂಕಿಯ ಬಾಯಿಂದ ಎಷ್ಟು ಸಲೀಸಾಗಿ ಆಡಿಸಿದ್ದ, ಕೈಯನ್ನೂ ಮುಗಿಸಿದ್ದ. ಜಗತ್ತಿನ ಮಾತುಗಳನ್ನೆಲ್ಲ ನುಂಗಿ ಬೆಳೆದ ಬಾಯಿ ಆ ಒಂದು ತುತ್ತಿಗೆ ತೆರೆಯಲಿಲ್ಲ. ತೆರೆದಿದ್ದರೆ ವಿಡಿಯೋ ಏನಾಗಬೇಕು, ಚಪ್ಪಾಳೆಗಳನ್ನು ಯಾರು ಹಿಂದಿರುಗಿಸಬೇಕು, ಸಂಜೆ ಸಾಸವಡದಲ್ಲಿ ಬಸ್ಸಿಳಿದಾಗ ಶಿವಬಸವ್ವನಿಗೆ ಏನೆನ್ನಬೇಕು? ಅವನು ಹಿಂಗೋಡೆಗೆ ಉಳಿ ಹಾಕಿ ಕೆರೆಯತೊಡಗಿದ. ಜಿಗುಟು ಉಂಡೆಉಂಡೆಯಾಗಿ ಇದ್ದಿಲ ಮೇಲೆ ಬಿತ್ತು. ರಸ್ತೆಯಿಂದ ಪಂಢರಿನಾಥ ಕೂಗಿದ: "ಮಿಸ್ತ್ರೀ, ನೂರಾರು ಮಂದಿ ನೋಡ್ಲಿಕ್ಕತ್ಯಾರ! ಲಾತೂರಿಂದ ಒಬ್ಬಾಂವ ನಿಮ್ಮ ನಂಬರ ಕೇಳ್ಯಾನ!"

"ಅಮೀನಗಡದಾವ್ರು ಅಂದ್ರಿ ಅಲ್ಲ ಆಗ," ಎಂದಳು ರಾಧಾಬಾಯಿ. "ಕಮತಗಿ ಮಗ್ಗಲಿಗೇ."

"ಹೌದ್ರಿ. ನಮ್ಮ ಸಂತೀಗೆ ಕಮತಗಿ ಮಂದಿ ಬರ್ತಿದ್ರು. ನಾ ಹುಟ್ಟಿಸಿದ ಸಂತೀನ ಅಂತ ತಿಳ್ಕೋರಿ." ಅಷ್ಟು ಬಾಯಿಂದ ಹೊರಬಿದ್ದದ್ದೇ ಅವನಿಗೆ ನಾಚಿಕೆಯಾಯಿತು.

"ನೀವಽ ತರ್ರಿ."

"ಏನ್ರಿ?"

"ಸೀರಿ. ನಾ ಹೋದಾಗ. ತವರ ಕಡ್ಯಾವ್ರು ಅಂತ ಈ ಊರಾಗ ನನಗ ಗುರತಿದ್ದಾವ್ರು ಬ್ಯಾರೆ ಯಾರದಾರ? ಪಂಢರಿ ನಿಮಗ ಫೋನ್ ಮಾಡ್ತಾನ."

ಅದು ಕೊಟ್ಟ ಮಾನವೋ ಹಾಕಿದ ದಂಡವೋ ಅವಳ ಮುಖದಲ್ಲಿ ಬರೆದಿರಲಿಲ್ಲ. ಅವನು ಹುಡುಕಿದ. ಸೂರ್ಯಕಾಂತಿಗಳ ಮೇಲೆ ಅವಳ ಕೈಗಳು ಸುಮ್ಮನಿದ್ದವು. ಅವನ ಎದೆ ಒಮ್ಮೆಲೆ ಉಬ್ಬಿತು, ಯಾವುದರಿಂದ ಎಂದು ನೋಡಿಕೊಳ್ಳುವ ಧೈರ್ಯ ಆಗಲಿಲ್ಲ. "ಅಕ್ಕಾರ," ಎಂದ, ಬಾಯಾರ ಅನ್ನುವುದನ್ನು ಬಿಟ್ಟು, "ಒಂದಲ್ರಿ, ಹತ್ತು ತರ್ತೀನಿ. ಇಳಕಲ್ಲಿಗೆ ನಾನಽ ಹೋಗಿ, ಮಗ್ಗದ ಮುಂದ ಕುಂತು, ಕಣ್ಣಾರೆ ನೇಯಿಸಿ..."

"ಒಂದ ಸಾಕು. ಹತ್ತು ಉಟ್ಕೊಂಡು ಎಲ್ಲಿಗೆ ಹೋಗ್ಲಿ?" ಅವಳು ಎದ್ದು ಕುರ್ಚಿಯ ಬೆನ್ನು ಹಿಡಿದು ನಿಂತಳು. "ಹಸರು ಬ್ಯಾಡ, ಅದು ಮುತ್ತೈದೇರಿಗೆ. ಬ್ಯಾರೆ ಯಾವದರ ನಡೀತದ. ಮತ್ತ, ಆ ದಿನಾ ಮಾತಾಡಬ್ಯಾಡ್ರಿ. ಎಲ್ಲಿದು, ಯಾರು ನೇದ್ರು, ಹೆಂಗ ತಂದ್ರಿ, ಏನೂ ಬ್ಯಾಡ. ನನಗೂ ನಿಮಗೂ ಏನು ಪರಿಚಯ ಅನ್ನೂದೂ ಬ್ಯಾಡ. ಸೀರಿ ಕೊಟ್ಟು ಒಂದ್ ಮೂಲಿ ಹಿಡದು ಸುಮ್ನ ಕೂಡ್ರಿ. ಆಗ್ತದ ಅಲ್ಲ?"

"ಆಗ್ತದ್ರಿ," ಎಂದ ಮಲಕಪ್ಪ, ತನ್ನ 'ಆಕೈತಿ' ಬಿಟ್ಟು ಅವಳ ಭಾಷೆಯಲ್ಲಿಯೇ.

ಅವಳು ದೊಗಳೆ ಮ್ಯಾಕ್ಸಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದ್ದಿಲು ದಾಟಿ, ಎದುರು ಮನೆಯ ಕಡೆಗೆ ಹೋದಳು. ಅವನು ತಿಜೋರಿಯೊಳಗೆ ತಲೆ ಹಾಕಿ ಕೆರೆಯುತ್ತಲೇ ಇದ್ದ, ಉಳಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳುವ ಹಾಗಿರಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿಯೇ ಇತ್ತು. ಆದರೆ ಒಳಗೆ ಆ ಮೂಲೆ ಆಗಲೇ ಕಾಣುತ್ತಿತ್ತು. ಅಂಗಳದ ತುಂಬ ಮಂದಿ, ನಡುವೆ ಮಲಗಿಸಿದ ಅವಳು, ಮೂಲೆಯಲ್ಲಿ ಸೀರೆಯ ಗಂಟು ಇಳಿಸಿ ಕಲ್ಲಿನ ಹಾಗೆ ಕೂತ ಮಲಕಪ್ಪ. ಯಾರು ಎಷ್ಟು ಕೇಳಿದರೂ ಅವನು ತುಟಿ ಬಿಚ್ಚಲಿಲ್ಲ, ಬೆಳಗಾವಿಯ ಚಾಳೀಸಿನವರು ಬಂದು ಕೇಳಿದರೂ ಬಿಚ್ಚಲಿಲ್ಲ, ಶುಕ್ರವಾರ ಪೇಠೆಗೆ ಪೇಠೆಯೇ ಉಸಿರು ಬಿಗಿಹಿಡಿದು ನೋಡಿತು, ಅಂಥ ಮೌನವನ್ನು ಪುಣೆ ಹಿಂದೆ ಕಂಡಿರಲಿಲ್ಲ. ಆ ದಿನ ಯಾವಾಗ ಬಂದೀತು ಎಂದು ಲೆಕ್ಕ ಹಾಕಲು ಹೊರಟ ತನ್ನ ಮನಸ್ಸನ್ನು ಅವನು ಗದರಿ ನಿಲ್ಲಿಸಿದ. ಅದು ನಿಂತಿತು. ಒಳಗಿನ ಆ ಅಂಗಳದಲ್ಲಿ ಮಂದಿ ಮಾತ್ರ ಹೆಚ್ಚುತ್ತಲೇ ಇದ್ದರು.